ಬಣ್ಣ ಬಾರದ ಗಿಡ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಕೆಂಪು ಹರಿವೆ ಬಿತ್ತಿದ ಮಡಿಯಲ್ಲಿ ಅರ್ಧ ಗಿಡ ಹಸಿರು. ಕೆಂಪಕ್ಕಿಯ ಕಗ್ಗ ಭತ್ತ ಅಕ್ಕಿ ಮಾಡಿದರೆ ಕೆಂಪಿನ ನಡುವೆ ಬಿಳಿ ಕಾಳು. ನೇರಳೆ ಬದನೆ ಮಳೆಗಾಲದಲ್ಲಿ ಮಾಸಲು. ಕೆಂಪು ಬಾಳೆಯ ಬುಡದಲ್ಲಿ ಹಸಿರು ಮರಿ (ಕಂದು). ಭಟ್ಕಳದಿಂದ ಕಾರವಾರದವರೆಗೂ, ಘಟ್ಟ ಹತ್ತಿದರೆ ಶಿರಸಿ-ಸಿದ್ದಾಪುರದಲ್ಲೂ, ಇಂಥ ದೂರಿಗೆ ಸಿಗುವ ಮೊದಲ ಸಲಹೆ ಒಂದೇ: ಗೊಬ್ಬರ ಸಾಲಲಿಲ್ಲ, ಒಂದು ಮುಷ್ಟಿ ಯೂರಿಯಾ ಹಾಕಿ. ಕೆಂಪು-ನೇರಳೆ ಬಣ್ಣದ ಬಹುಪಾಲು ಗಿಡಗಳಿಗೆ ಇದು ಉಲ್ಟಾ ಮದ್ದು. ಸಾರಜನಕ ಹೆಚ್ಚಾದಷ್ಟೂ ಆಂಥೋಸಯನಿನ್ ಎಂಬ ಕೆಂಪು-ನೇರಳೆ ವರ್ಣದ್ರವ್ಯದ ತಯಾರಿಕೆ ಇಳಿಯುತ್ತದೆ, ಸಾರಜನಕ ಕಡಿಮೆಯಾದಾಗ ಏರುತ್ತದೆ. ಸಾರಜನಕ ಸಿಕ್ಕಾಗ ಬಣ್ಣದ ಜೀನ್‌ಗಳನ್ನು ಅದುಮಿ ಹಿಡಿಯಲೆಂದೇ ಗಿಡದಲ್ಲಿ ಪ್ರತ್ಯೇಕ ನಿಯಂತ್ರಕ ಪ್ರೋಟೀನ್‌ಗಳಿವೆ.

ಬಣ್ಣ ಬರಬೇಕಾದರೆ ಮೂರು ಸಂಗತಿ ಕೂಡಿ ಬರಬೇಕು. ಬಣ್ಣ ತಯಾರಿಸುವ ಕಿಣ್ವಗಳ ಜೀನ್‌ಗಳು ಸರಿಯಿರಬೇಕು. ಆ ಜೀನ್‌ಗಳನ್ನು ಯಾವ ಭಾಗದಲ್ಲಿ, ಯಾವಾಗ ಎಬ್ಬಿಸಬೇಕೆಂದು ತೀರ್ಮಾನಿಸುವ ನಿಯಂತ್ರಕ ಜೀನ್‌ಗಳು ಸರಿಯಿರಬೇಕು. ಆ ನಿಯಂತ್ರಕಗಳಿಗೆ ಬೆಳಕು, ತಂಪು, ಸಕ್ಕರೆಯ ಸೂಚನೆ ಮುಟ್ಟಬೇಕು. ಮೂರರಲ್ಲಿ ಯಾವುದು ತಪ್ಪಿದರೂ ಹೊರಗೆ ಕಾಣುವುದು ಒಂದೇ, ಬಣ್ಣವಿಲ್ಲದ ಗಿಡ. ಆದರೆ ಪರಿಹಾರ ಮೂರಕ್ಕೂ ಬೇರೆ. ಮೂರನೆಯದು ತಪ್ಪಿದ್ದರೆ ಜಾಗ ಬದಲಿಸಿದರೆ ಸಾಕು. ಮೊದಲ ಎರಡು ತಪ್ಪಿದ್ದರೆ ಬೀಜವನ್ನೋ ಕಸಿಕಡ್ಡಿಯನ್ನೋ ಬದಲಿಸದೆ ಬೇರೆ ದಾರಿಯಿಲ್ಲ, ಎಷ್ಟು ಗೊಬ್ಬರ ಸುರಿದರೂ ವ್ಯರ್ಥ.

ಮೊದಲು ಯಾವ ವರ್ಣದ್ರವ್ಯ ಎಂದು ತಿಳಿಯಿರಿ

ಕೆಂಪಾಗಿ ಕಾಣುವುದೆಲ್ಲ ಒಂದೇ ವಸ್ತುವಲ್ಲ. ಮುರುಗಲು (ಕೋಕಂ), ಬದನೆ, ಈರುಳ್ಳಿ, ಶಂಖಪುಷ್ಪ, ಮಾವಿನ ಚಿಗುರು, ಇವುಗಳ ಬಣ್ಣ ಆಂಥೋಸಯನಿನ್. ಹರಿವೆ, ಕೆಂಪು ಬಸಳೆ, ಬೀಟ್‌ರೂಟ್, ಸಂಜೆಮಲ್ಲಿಗೆ, ಕಾಗದದ ಹೂ, ಡ್ರ್ಯಾಗನ್ ಹಣ್ಣು, ಇವುಗಳದ್ದು ಬೀಟಾಲೈನ್. ಎರಡರ ತಯಾರಿಕೆಯ ದಾರಿಯೇ ಬೇರೆ. ಆಂಥೋಸಯನಿನ್ ಶುರುವಾಗುವುದು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ, ಬೀಟಾಲೈನ್ ಟೈರೋಸಿನ್‌ನಿಂದ. ಒಂದೇ ಗಿಡದಲ್ಲಿ ಸಹಜವಾಗಿ ಇವೆರಡೂ ಒಟ್ಟಿಗೆ ಇರುವುದಿಲ್ಲ. ಹಾಗಾಗಿ ಬದನೆಗೆ ಹೇಳಿದ ಪರೀಕ್ಷೆಯನ್ನು ಹರಿವೆಗೆ ಮಾಡಿದರೆ ಉತ್ತರ ತಪ್ಪಿ ಬರುತ್ತದೆ.

ಮನೆಯಲ್ಲೇ ಮಾಡುವ ಪರೀಕ್ಷೆ ಹೀಗಿದೆ. ಬಣ್ಣದ ಭಾಗವನ್ನು 5 ಗ್ರಾಂನಷ್ಟು ತೆಗೆದು 20 ಮಿ.ಲೀ. ನೀರಿನಲ್ಲಿ ಜಜ್ಜಿ, ಬಟ್ಟೆಯಲ್ಲಿ ಸೋಸಿ, ಮೂರು ಗಾಜಿನ ಲೋಟಕ್ಕೆ ಹಂಚಿ. ಒಂದಕ್ಕೆ ಲಿಂಬೆ ರಸ ಹತ್ತು ಹನಿ, ಇನ್ನೊಂದಕ್ಕೆ ಅಡುಗೆ ಸೋಡಾ ಎರಡು ಚಿಟಿಕೆ, ಮೂರನೆಯದು ಹಾಗೇ ಇರಲಿ. ಲಿಂಬೆಯಲ್ಲಿ ಕೆಂಪೇರಿ, ಸೋಡಾದಲ್ಲಿ ನೀಲಿ ಅಥವಾ ಹಸಿರಿಗೆ ತಿರುಗಿದರೆ ಆಂಥೋಸಯನಿನ್. ಎರಡರಲ್ಲೂ ಹೆಚ್ಚು ಕಡಿಮೆ ಅದೇ ಕೆಂಪು ಉಳಿದರೆ ಬೀಟಾಲೈನ್. ಅನುಮಾನ ಉಳಿದರೆ ಇನ್ನೊಂದು ಲೋಟಕ್ಕೆ ಎಲೆಯಡಿಕೆ ಸುಣ್ಣದ ತಿಳಿ ಹಾಕಿ ನೋಡಿ, ಬೀಟಾಲೈನ್ ಹಳದಿಯಾಗುತ್ತದೆ. ಸುಣ್ಣದ ತಿಳಿಯನ್ನೇ ಮೊದಲು ಬಳಸಬಾರದು. ಅಷ್ಟು ಕ್ಷಾರದಲ್ಲಿ ಆಂಥೋಸಯನಿನ್ ಕೂಡ ಹಸಿರು ದಾಟಿ ಬೇಗ ಹಳದಿ-ಕಂದಾಗಿ ದಾರಿ ತಪ್ಪಿಸುತ್ತದೆ. ಕಬ್ಬಿಣದ ಕುಟ್ಟಾಣಿ, ಅಲ್ಯೂಮಿನಿಯಂ ಪಾತ್ರೆ ಬೇಡ. ಲೋಹದ ಕಣ ಸೇರಿದರೆ ಆಂಥೋಸಯನಿನ್‌ನ ಛಾಯೆಯೇ ಬದಲಾಗುತ್ತದೆ.

ನೀರಿಗೆ ಬಣ್ಣ ಬಿಡದೆ ಬೆಚ್ಚಗಿನ ತೆಂಗಿನೆಣ್ಣೆಗೆ ಬಿಟ್ಟರೆ ಅದು ಕೆರೋಟಿನಾಯ್ಡ್: ಪಪ್ಪಾಯಿ, ಚೆಂಡುಹೂ, ಮಾವಿನ ತಿರುಳು. ಅದು ಪ್ಲಾಸ್ಟಿಡ್ ಒಳಗೆ ತಯಾರಾಗುವ ಮೂರನೆಯ ದಾರಿ.

ಬೆಳಕು, ಶಾಖ, ಗೊಬ್ಬರದ ತಪ್ಪನ್ನು ಬೇರ್ಪಡಿಸುವುದು

ಗಿಡ ಕಿತ್ತು ಎಸೆಯುವ ಮುನ್ನ ಈ ಹಂತ ಕಡ್ಡಾಯ. ಕರಾವಳಿಯ ಜೂನ್-ಆಗಸ್ಟ್ ಮೋಡ ಎಂದರೆ ವಾರಗಟ್ಟಲೆ ನೇರ ಬಿಸಿಲಿಲ್ಲ. ಕತ್ತಲಲ್ಲಿ ಸಿಒಪಿ1 ಎಂಬ ಪ್ರೋಟೀನ್, ಬಣ್ಣದ ಜೀನ್‌ಗಳನ್ನು ಎಬ್ಬಿಸುವ ಎಚ್‌ವೈ5 ಮತ್ತು ಎಂವೈಬಿ ಪ್ರೋಟೀನ್‌ಗಳನ್ನು ನಾಶಕ್ಕೆ ಗುರುತು ಮಾಡುತ್ತದೆ. ಬೆಳಕು ಬಿದ್ದಾಗ ಸಿಒಪಿ1 ಹಿಂದೆ ಸರಿಯುತ್ತದೆ, ನಿಯಂತ್ರಕಗಳು ಉಳಿಯುತ್ತವೆ, ಬಣ್ಣ ಬರುತ್ತದೆ.

ಬದನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಾಯಿಯ ತೊಟ್ಟಿನ ಹಸಿರು ಟೋಪಿಯನ್ನು ಮೆಲ್ಲಗೆ ಎತ್ತಿ. ಅಡಿಯ ಸಿಪ್ಪೆ ಬೆಳ್ಳಗಿದ್ದು, ಬಿಸಿಲು ಬಿದ್ದ ಕಡೆ ನೇರಳೆಯಿದ್ದರೆ ಆ ತಳಿಗೆ ಬಣ್ಣ ಬರಲು ಬೆಳಕು ಬೇಕೇ ಬೇಕು. ಟೋಪಿಯ ಅಡಿಯೂ ನೇರಳೆಯಿದ್ದರೆ ಆ ತಳಿ ಬೆಳಕನ್ನು ಅಷ್ಟಾಗಿ ಕಾಯುವುದಿಲ್ಲ, ಹಾಗಾಗಿ ಅಂಥದ್ದು ಮಾಸಲಾದರೆ ಬೆಳಕನ್ನು ದೂರುವಂತಿಲ್ಲ. ಖಚಿತ ಮಾಡಿಕೊಳ್ಳಲು, ಹೂ ಉದುರಿ ಕಾಯಿ ಹೆಬ್ಬೆರಳ ಗಾತ್ರವಾದಾಗ ನಾಲ್ಕು ಕಾಯಿಗೆ ಒಳಗೆ ಕಪ್ಪು ಕಾಗದವಿಟ್ಟ ಚೀಲ ಕಟ್ಟಿ, ಅದೇ ಗಿಡದ ಇನ್ನು ನಾಲ್ಕು ಕಾಯಿ ಬಯಲಿಗೆ ಬಿಡಿ. ಹತ್ತು ದಿನ ಬಿಟ್ಟು ಚೀಲ ತೆಗೆದರೆ ಕಾಯಿ ಬೆಳ್ಳಗಿರುತ್ತದೆ. ಬಿಸಿಲಿಗೆ ತೆರೆದ ಎರಡು-ಮೂರು ದಿನದಲ್ಲಿ ನೇರಳೆ ಹತ್ತತೊಡಗಿದರೆ ಜೀನ್‌ಗಳು ಗಟ್ಟಿಯಾಗಿವೆ, ತೊಂದರೆ ನೆರಳಿನದ್ದು. ಮರದ ಕೊಂಬೆ ಕಡಿಸಿ, ನೆರಳು ಬಲೆ ತೆಗೆಯಿರಿ, ಗಿಡದಿಂದ ಗಿಡಕ್ಕೆ ಅಂತರ ಹೆಚ್ಚಿಸಿ. ಬಲಿತು ಬೀಜ ಗಟ್ಟಿಯಾದ ಬದನೆ ಕಂದು-ಹಳದಿಗೆ ತಿರುಗುವುದು ಮಾತ್ರ ಸಹಜ, ಅದನ್ನು ದೋಷವೆಂದು ಎಣಿಸಬೇಡಿ.

ಶಾಖದ ಪರಿಣಾಮ ಬೇರೆ ರೀತಿಯದ್ದು. ಬಿಸಿ ಹೆಚ್ಚಾದಾಗ ನಿಯಂತ್ರಕ ಜೀನ್‌ಗಳ ಓದು (ಜೀನಿನಿಂದ ಆರ್‌ಎನ್‌ಎ ತಯಾರಾಗುವುದು) ಇಳಿಯುತ್ತದೆ, ಆಗಲೇ ತಯಾರಾದ ಬಣ್ಣವೂ ಬೇಗ ಒಡೆಯುತ್ತದೆ. ಕಾರವಾರದ ಏಪ್ರಿಲ್-ಮೇ ಸೆಕೆಯಲ್ಲಿ ಮಸುಕಾಗಿ ಅರಳುವ ಗುಲಾಬಿ, ರಾತ್ರಿ ತಂಪಿರುವ ಶಿರಸಿಯಲ್ಲಿ ಗಾಢವಾಗಿ ಅರಳುವುದಕ್ಕೆ ಇದೇ ಕಾರಣ. ಪರೀಕ್ಷೆಗೆ ಅದೇ ಗಿಡದ ಕಡ್ಡಿಯಿಂದ ಮಾಡಿದ ಎರಡು ಕುಂಡಗಳನ್ನು ಎರಡು ಜಾಗದಲ್ಲಿಡಿ. ಆಗಲೇ ಬಂದಿದ್ದ ಮೊಗ್ಗನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿಗೆ ಹೋದ ಮೇಲೆ ಒಡೆದ ಚಿಗುರಿನಲ್ಲಿ ಬಂದ ಹೂವನ್ನಷ್ಟೇ ಹೋಲಿಸಿ. ಎರಡನ್ನೂ ಒಂದೇ ಮಣ್ಣು, ಒಂದೇ ಗೊಬ್ಬರದಲ್ಲಿ ಬೆಳೆಸಬೇಕು, ಇಲ್ಲದಿದ್ದರೆ ಫಲಿತಾಂಶ ಏನನ್ನೂ ಹೇಳದು.

ತಂಪು ಸಿಗದಿದ್ದರೆ ಜೀನ್ ಇದ್ದೂ ಬಣ್ಣ ಬಾರದಿರುವುದಕ್ಕೆ ಒಳ್ಳೆಯ ನಿದರ್ಶನ ಸಿಸಿಲಿಯ ರಕ್ತವರ್ಣದ ಕಿತ್ತಳೆ. ಅದರಲ್ಲಿ ರೂಬಿ ಎಂಬ ಎಂವೈಬಿ ಜೀನ್‌ನ ಪಕ್ಕಕ್ಕೆ ಜಿಗಿಯುವ ಜೀನ್ ತುಂಡೊಂದು ಬಂದು ಕೂತಿದೆ, ಆ ತುಂಡು ಚಳಿಗೆ ಎಚ್ಚರವಾಗುತ್ತದೆ. ಚಳಿ ಬೀಳದ ಊರಿನಲ್ಲಿ ಅದೇ ಮರ ಮಾಮೂಲಿ ಹಳದಿ ತಿರುಳಿನ ಹಣ್ಣನ್ನೇ ಕೊಡುತ್ತದೆ. ಇದು 2012ರಲ್ಲಿ ಬಗೆಹರಿದ ವಿಷಯ. ಹೊರಗಿನಿಂದ ಬಣ್ಣದ ತಳಿ ತರಿಸುವವರು ಮೊದಲು ಆ ತಳಿಗೆ ಬಣ್ಣ ಬರಲು ಏನು ಬೇಕೆಂದು ಕೇಳಿಕೊಳ್ಳಬೇಕು.

ಉಲ್ಟಾ ದೂರೂ ಉಂಟು: ಬೇಡದ ಕಡೆ ಕೆಂಪು. ಮುರುಗಲು, ಮಾವು, ಕಾಡಿನ ಎಷ್ಟೋ ಮರಗಳ ಎಳೆ ಚಿಗುರು ಕೆಂಪಾಗಿರುವುದು ಆರೋಗ್ಯದ ಲಕ್ಷಣವೇ. ಆದರೆ ಜೋಳದ ಹಳೆಯ ಎಲೆಯ ಅಂಚು, ಅಡಿಭಾಗ ನೇರಳೆಯಾದರೆ ರಂಜಕದ ಕೊರತೆ. ನಮ್ಮ ಚಿರೆಕಲ್ಲು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುತ್ತವೆ. ಹಾಕಿದ್ದೆಲ್ಲ ಗಿಡಕ್ಕೆ ಸಿಗುವುದಿಲ್ಲ.

ಹಸಿರೇ ಹೋಗಿದ್ದರೆ ಈ ಕೈಪಿಡಿಯ ದಾರಿ ಹಿಡಿಯಬೇಡಿ, ಮೊದಲು ಪೋಷಕಾಂಶ ನೋಡಿ: ಹಳೆ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ, ಹಳೆ ಎಲೆಯ ನರ ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ, ಎಳೆ ಎಲೆಯಲ್ಲಿ ಹಾಗಾದರೆ ಕಬ್ಬಿಣ. ಕಬ್ಬಿಣವೇ ಎಂದು ತಿಳಿಯಲು 0.5 ಶೇಕಡಾ ಫೆರಸ್ ಸಲ್ಫೇಟ್ ದ್ರಾವಣವನ್ನು ಎಲೆಯ ಅರ್ಧಕ್ಕೆ ಮಾತ್ರ ಬಳಿದು ಒಂದು ವಾರ ಕಾಯಿರಿ, ಬಳಿದ ಅರ್ಧ ಹಸಿರಾಗಬೇಕು.

ಕೆಂಪಕ್ಕಿಯಲ್ಲಿ ಬಿಳಿ ಕಾಳು: ತೆನೆ ನೋಡಿ, ವರ್ಷ ಎಣಿಸಿ

ಇದನ್ನು ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಅಘನಾಶಿನಿ ದಂಡೆಯ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಉಪ್ಪು ತಾಳುವ ಕಗ್ಗ ಭತ್ತ ಇನ್ನೂ ಉಳಿದಿರುವುದು ರೈತರು ಬೀಜ ಕಾಪಾಡಿಕೊಂಡದ್ದರಿಂದ. ಅದರ ಬಣ್ಣ ಕೆಟ್ಟರೆ ಬೀಜವೇ ಕೆಟ್ಟಿದೆ ಎಂದು ಹೆದರಿ ಇಡೀ ಮುಡಿ ಎಸೆಯಬಾರದು.

ಕೆಂಪಕ್ಕಿಯ ಕೆಂಪು ಆಂಥೋಸಯನಿನ್ ಅಲ್ಲ, ಅದೇ ದಾರಿಯ ಪಕ್ಕದ ಕವಲಿನಲ್ಲಿ ತಯಾರಾಗುವ ಪ್ರೋಆಂಥೋಸಯನಿಡಿನ್. ಅದಕ್ಕೆ ಎರಡು ಜೀನ್ ಬೇಕು. ಆರ್‌ಸಿ ಎಂಬುದು ನಿಯಂತ್ರಕ, ಆರ್‌ಡಿ ಎಂಬುದು ಡಿಎಫ್‌ಆರ್ ಎಂಬ ಬಣ್ಣ ತಯಾರಿಸುವ ಕಿಣ್ವದ ಜೀನ್. ಎರಡೂ ಸರಿಯಿದ್ದರೆ ಕೆಂಪು. ಆರ್‌ಸಿ ಇದ್ದು ಆರ್‌ಡಿ ಕೆಟ್ಟಿದ್ದರೆ ಕಂದು. ಆರ್‌ಸಿ ಕೆಟ್ಟರೆ ಬಿಳಿ, ಆಗ ಆರ್‌ಡಿ ಇದ್ದರೂ ಉಪಯೋಗವಿಲ್ಲ. ಲೋಕದ ಬಹುಪಾಲು ಬಿಳಿ ಅಕ್ಕಿಯ ತಳಿಗಳಲ್ಲಿ ಆರ್‌ಸಿಯ 14 ಬೇಸ್ ಜೋಡಿ (ಡಿಎನ್‌ಎಯ ಅಕ್ಷರ) ಕಳಚಿ ಹೋಗಿದೆ ಎಂದು 2006ರಲ್ಲಿ ಗೊತ್ತಾಯಿತು. ಕೆಂಪು ಪ್ರಬಲ, ಬಿಳಿ ದುರ್ಬಲ.

ಈಗ ಮುಖ್ಯ ಸಂಗತಿ. ಬಣ್ಣವಿರುವುದು ಅಕ್ಕಿಯ ಹೊರಪದರದಲ್ಲಿ, ಅಂದರೆ ತವಡಾಗಿ ಹೋಗುವ ಭಾಗದಲ್ಲಿ. ಆ ಪದರ ತಾಯಿಗಿಡದ ಅಂಗಾಂಶ, ಒಳಗಿನ ಮೊಳಕೆಯದ್ದಲ್ಲ. ಆದ್ದರಿಂದ ಒಂದು ಗಿಡದ ಎಲ್ಲ ಕಾಳಿನ ಬಣ್ಣವೂ ಒಂದೇ ಇರಬೇಕು, ಪರಾಗ ಎಲ್ಲಿಂದಲೇ ಬಂದಿರಲಿ.

ಪರೀಕ್ಷೆ ಕಟಾವಿಗೆ ಮುನ್ನ ಮಾಡಬೇಕು. ಬಡಿದ ಮೇಲೆ ಮಾಡಿದರೆ ಅರ್ಧ ಮಾಹಿತಿ ಕಳೆದುಹೋಗುತ್ತದೆ. ಗದ್ದೆಯ ಬೇರೆ ಬೇರೆ ಕಡೆಯಿಂದ, ಬುಡ ಬೇರೆಯಾಗಿರುವ 100 ಗಿಡಗಳಿಂದ ಒಂದೊಂದು ತೆನೆ ತೆಗೆಯಿರಿ. ಪ್ರತಿ ತೆನೆಯಿಂದ ಚೆನ್ನಾಗಿ ಬಲಿತ ಹತ್ತು ಕಾಳನ್ನು ಉಗುರಿನಿಂದ ಸುಲಿದು ಬಿಳಿ ತಟ್ಟೆಯ ಮೇಲೆ ಸಾಲಾಗಿಡಿ. ಒಂದೇ ತೆನೆಯಲ್ಲಿ ಕೆಲವು ಕೆಂಪು, ಕೆಲವು ಮಸುಕು ಕಂಡರೆ ಅದು ತಳಿಯ ದೋಷವಲ್ಲ: ಬಲಿಯದ ಕಾಳು, ಬೇಗ ಕೊಯ್ದದ್ದು, ಜೊಳ್ಳು. ಕೆಂಪು ಕೊನೆಕೊನೆಗೆ ಗಾಢವಾಗುತ್ತದೆ, ಒಂದು ವಾರ ಕಾದು ಮತ್ತೆ ನೋಡಿ. ತೆನೆಯಿಂದ ತೆನೆಗೆ ಬಣ್ಣ ಬೇರೆಯಾದರೆ, ಅಂದರೆ ಒಂದು ತೆನೆ ಪೂರ್ತಿ ಕೆಂಪು, ಇನ್ನೊಂದು ಪೂರ್ತಿ ಬಿಳಿಯಾದರೆ, ಆಗ ಬೀಜದ ಪ್ರಶ್ನೆ. ಗಿರಣಿಯಿಂದ ಬಂದ ಅಕ್ಕಿಯಲ್ಲಿ ಮಾತ್ರ ಬಿಳಿ ಕಂಡಿದ್ದರೆ ಪಾಲಿಶ್ ಹೆಚ್ಚಾಗಿದೆ, ಗದ್ದೆಗೆ ಹೋಗುವ ಅಗತ್ಯವೇ ಇಲ್ಲ.

ಕಣ್ಣಿಗೆ ಬಣ್ಣ ಗೊತ್ತಾಗದಿದ್ದರೆ 2 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಸುಲಿದ ಕಾಳನ್ನು ಒಂದೊಂದಾಗಿ ಬೇರೆ ಬೇರೆ ಗುಳಿಯಲ್ಲಿ ಹತ್ತು ನಿಮಿಷ ನೆನೆಸಿ. ಕೆಂಪಕ್ಕಿಯ ದ್ರಾವಣ ಗಾಢ ಕೆಂಪಾಗುತ್ತದೆ, ಬಿಳಿಯದ್ದು ತೆಳು ಹಳದಿಯಾಗಿಯೇ ಉಳಿಯುತ್ತದೆ. ಈ ದ್ರಾವಣ ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ.

ಬಿಳಿ ತೆನೆಗಳು ನಿಜಕ್ಕೂ ಇವೆ ಎಂದಾದರೆ ಅವು ಎಂದು ಕಾಣಿಸಿಕೊಂಡವು ಎನ್ನುವುದೇ ಕಾರಣವನ್ನು ಹೇಳುತ್ತದೆ. ಹೊಸ ಬೀಜ ತಂದ ಮೊದಲ ಬೆಳೆಯಲ್ಲೇ ಬಿಳಿ ತೆನೆ ಕಂಡರೆ ಬೀಜದಲ್ಲಿ ಬೆರಕೆಯಿತ್ತು: ಕಣದಲ್ಲೋ ಚೀಲದಲ್ಲೋ ಬೇರೆ ಭತ್ತ ಕೂಡಿದೆ, ಇಲ್ಲವೇ ಹಿಂದಿನ ಬೆಳೆಯ ಉದುರು ಕಾಳು ಹುಟ್ಟಿದೆ. ಅಡ್ಡ ಪರಾಗದಿಂದಾದರೆ ಲೆಕ್ಕ ಹೀಗೆ. ಮೊದಲ ವರ್ಷ ಕಗ್ಗದ ಹೂವಿಗೆ ಪಕ್ಕದ ಬಿಳಿ ತಳಿಯ ಪರಾಗ ಬಿತ್ತು; ಕಾಳು ಕೆಂಪೇ, ತಾಯಿಯ ಪದರ. ಎರಡನೆಯ ವರ್ಷ ಆ ಕಾಳು ಗಿಡವಾಯಿತು, ಒಂದು ಪ್ರತಿ ಕೆಂಪು ಒಂದು ಪ್ರತಿ ಬಿಳಿ. ಕೆಂಪು ಪ್ರಬಲವಾದ್ದರಿಂದ ತೆನೆ ಪೂರ್ತಿ ಕೆಂಪು. ಮೂರನೆಯ ವರ್ಷ ಆ ಗಿಡದ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಬಿಳಿ ತೆನೆ. ಅಂದರೆ ಈಗ ಕಂಡ ಬಿಳಿ ತೆನೆಗೆ ಕಾರಣ ಎರಡು ವರ್ಷ ಹಿಂದಿನ ನೆರೆಗದ್ದೆ. ಬಿಳಿ ತಳಿ ಬೆಳೆಯುವವರ ಗದ್ದೆಯಲ್ಲಿ ಕೆಂಪು ಕಾಣಿಸುವುದು ಮಾತ್ರ ಎರಡನೆಯ ವರ್ಷಕ್ಕೇ, ಯಾಕೆಂದರೆ ಮಿಶ್ರ ಗಿಡವೇ ಕೆಂಪು ತೆನೆ ಹೊರುತ್ತದೆ.

ಸರಿಪಡಿಸುವುದು ಸುಲಭ, ಆದರೆ ಒಂದೇ ವರ್ಷದಲ್ಲಿ ಮುಗಿಯುವುದಿಲ್ಲ. ಬಿಳಿ ತೆನೆ ಕಿತ್ತರೆ ಬಿಳಿ ಹೋಗುತ್ತದೆ, ಅದನ್ನು ಅಡಗಿಸಿಕೊಂಡ ಕೆಂಪು ಗಿಡ ಉಳಿಯುತ್ತದೆ. ಮಿಶ್ರ ಗಿಡದ ಕೆಂಪು ಮಕ್ಕಳಲ್ಲಿ ಮೂರರಲ್ಲಿ ಎರಡು ಅಂಥವೇ. ಆದ್ದರಿಂದ ತಳಿಯ ಲಕ್ಷಣವಿರುವ 50 ಕೆಂಪು ತೆನೆ ಆರಿಸಿ, ಪ್ರತಿ ತೆನೆಯನ್ನು ಪ್ರತ್ಯೇಕ ಸಾಲಿಗೆ ನಾಟಿ ಮಾಡಿ. ಸಾಲಿಗೆ ಕನಿಷ್ಠ 11 ಗಿಡವಿರಲಿ. ಅಡಗಿದ ಬಿಳಿ ಇದ್ದರೆ ಅಷ್ಟು ಗಿಡದಲ್ಲಿ ಒಂದಾದರೂ ಬಿಳಿ ತೆನೆ ಬರುವ ಸಾಧ್ಯತೆ ಶೇಕಡಾ 95. 20 ಗಿಡ ಹಾಕಿದರೆ ಇನ್ನೂ ಭದ್ರ. ಒಂದು ಬಿಳಿ ಕಂಡರೂ ಆ ಸಾಲು ಪೂರ್ತಿ ಊಟಕ್ಕೆ, ಬೀಜಕ್ಕೆ ಬೇಡ. ಉಳಿದ ಸಾಲುಗಳನ್ನು ಕೂಡಿಸಿ ಬೀಜ ಮಾಡಿ. ಒಂದೇ ಸಾಲನ್ನು ಆರಿಸಿದರೆ ತಳಿಯೊಳಗಿನ ವೈವಿಧ್ಯ ಕಳೆಯುತ್ತದೆ, ಗಜನಿಯಂಥ ಕಷ್ಟದ ಭೂಮಿಗೆ ಅದು ನಷ್ಟ. ಬೀಜದ ಗದ್ದೆಗೂ ಬೇರೆ ತಳಿಗೂ 3 ಮೀಟರ್ ಅಂತರ ಸಾಕು, ಭತ್ತದಲ್ಲಿ ಅಡ್ಡ ಪರಾಗ ಬಹಳ ಕಡಿಮೆ.

ಹರಿವೆ, ಈರುಳ್ಳಿ: ಪರಾಗ ದೂರ ಹೋಗುವ ಬೆಳೆಗಳು

ಹರಿವೆಯ ಪರಾಗ ಗಾಳಿಯಲ್ಲಿ ಹೋಗುತ್ತದೆ. ಹಿತ್ತಲಲ್ಲಿ ಕೆಂಪು, ಹಸಿರು ಎರಡನ್ನೂ ಪಕ್ಕಪಕ್ಕ ಬೀಜಕ್ಕೆ ಬಿಟ್ಟರೆ ಮುಂದಿನ ಸಲ ಬೆರಕೆ ಖಂಡಿತ. ಒಳ್ಳೆಯ ಸುದ್ದಿಯೆಂದರೆ ಹರಿವೆ ಬೇಗ ಗುಟ್ಟು ಬಿಡುತ್ತದೆ. ಮೊಳೆತ ಹತ್ತು-ಹನ್ನೆರಡು ದಿನಕ್ಕೆ ಸಸಿಯ ದಂಟಿನ ಬುಡ ನೋಡಿ. ಕೆಂಪು ತಳಿಯಲ್ಲಿ ಅದು ಆಗಲೇ ಕೆಂಪು. ಹಸಿರು ಬುಡದವನ್ನು ಕಿತ್ತು ಸೊಪ್ಪಿಗೆ ಬಳಸಿ. ಇಡೀ ಮಡಿ ಒಂದೇ ಸಮ ಮಾಸಲಾಗಿದ್ದರೆ ಅದು ಬೆರಕೆಯಲ್ಲ, ನೆರಳು ಅಥವಾ ದಟ್ಟ ಬಿತ್ತನೆ. ಬೆರಕೆಯಾಗಿದ್ದರೆ ಕೆಂಪು ಗಿಡದ ಮಗ್ಗುಲಲ್ಲೇ ಹಸಿರು ಗಿಡ ನಿಂತಿರುತ್ತದೆ. ಈ ಒಂದು ವ್ಯತ್ಯಾಸ ಎಲ್ಲ ಬೆಳೆಗೂ ಅನ್ವಯಿಸುತ್ತದೆ.

ಕುಮಟಾದ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣ ಕಡೆಯ ಸಿಹಿ ಈರುಳ್ಳಿಯ ಬೀಜ ಮಾಡುವವರಿಗೆ ಅಂತರದ ಚಿಂತೆ ಹೆಚ್ಚು. ಈರುಳ್ಳಿಯಲ್ಲಿ ಪರಾಗ ಉದುರಿದ ಮೇಲೆಯೇ ಅದೇ ಹೂವಿನ ಪರಾಗ ಹಿಡಿಯುವ ತುದಿ (ಶಲಾಕಾಗ್ರ) ಸಿದ್ಧವಾಗುತ್ತದೆ, ಹಾಗಾಗಿ ಜೇನು, ನೊಣ ತಂದ ಹೊರಗಿನ ಪರಾಗವೇ ಹೆಚ್ಚು. ಬೀಜದ ಗಡ್ಡೆ ಹೂಬಿಟ್ಟಾಗ ಬೇರೆ ಬಣ್ಣದ ಈರುಳ್ಳಿ ಅರ್ಧ ಕಿಲೋಮೀಟರಿನೊಳಗೆ ಹೂವಲ್ಲಿರಬಾರದು. ಮೂಲ ಬೀಜಕ್ಕಾದರೆ ಒಂದು ಕಿಲೋಮೀಟರ್. ಹಳದಿ ಈರುಳ್ಳಿಯ ಅನೇಕ ತಳಿಗಳಲ್ಲಿ ಡಿಎಫ್‌ಆರ್ ಜೀನ್ ಕೆಟ್ಟಿರುತ್ತದೆ; ಆಂಥೋಸಯನಿನ್ ಆಗುವ ಮೊದಲೇ ದಾರಿ ನಿಲ್ಲುವುದರಿಂದ ಕ್ವೆರ್ಸೆಟಿನ್ ಎಂಬ ವಸ್ತುವಿನ ಹಳದಿ ಉಳಿಯುತ್ತದೆ. ಭತ್ತದ ಅಕ್ಕಿಯಂತಲ್ಲದೆ ಇಲ್ಲಿ ಗಡ್ಡೆ ಆ ಬೀಜದ್ದೇ ದೇಹ. ಬೆರಕೆಯ ಪರಿಣಾಮಕ್ಕೆ ತಾಯಿಪದರದ ಮುಸುಕಿಲ್ಲ.

ಕಸಿ, ಕಂದು, ರೆಂಬೆ: ಬೀಜವಿಲ್ಲದ ದಾರಿಯಲ್ಲಿ ಬಣ್ಣ ತಪ್ಪುವುದು

ಮುರುಗಲಿನ ಬೀಜದ ಸಸಿಯಲ್ಲಿ ಸುಮಾರು ಅರ್ಧ ಗಂಡು ಮರ, ಹಣ್ಣೇ ಇಲ್ಲ. ಉಳಿದವುಗಳ ಹಣ್ಣಿನ ಬಣ್ಣ ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಕಪ್ಪು-ಕೆಂಪು ಹಣ್ಣು ಬೇಕೆನ್ನುವವರೂ, ಬಿಳಿ ಮುರುಗಲೇ ಬೇಕೆನ್ನುವವರೂ, ಗೊತ್ತಿರುವ ಹೆಣ್ಣು ಮರದ ಕುಡಿಯಿಂದ ಕಸಿ ಮಾಡಿಸಬೇಕು. ಕಸಿ ಗಿಡ ಬೇರೆ ಬಣ್ಣದ ಹಣ್ಣು ಕೊಟ್ಟರೆ ಮೊದಲು ಬಗ್ಗಿ ಬುಡ ನೋಡಿ: ಕಸಿ ಗಂಟಿನ ಕೆಳಗಿನಿಂದ ಎದ್ದ ಚಿಗುರು ಮರವಾಗಿ, ಮೇಲಿನ ಕುಡಿ ಸತ್ತಿರುವುದು ಬಹಳ ಸಾಮಾನ್ಯ. ಮೊದಲ ಮೂರು ವರ್ಷ ಗಂಟಿನ ಕೆಳಗಿನ ಚಿಗುರನ್ನು ತಿಂಗಳಿಗೊಮ್ಮೆ ಚಿವುಟಬೇಕು.

ಕೆಂಪು ಬಾಳೆಯಲ್ಲಿ ದೇಹದ ಜೀವಕೋಶದಲ್ಲೇ ಬದಲಾವಣೆಯಾಗಿ ಹಸಿರು ಕಂದು ಹುಟ್ಟುವುದುಂಟು. ಕಂದು ಆರಿಸುವಾಗ ದಿಂಡಿನ ಸುತ್ತ ಬಣ್ಣ ನೋಡಿ. ಒಂದು ಪಟ್ಟೆ ಹಸಿರಾಗಿದ್ದರೂ ನೆಡಬೇಡಿ.

ಬಿಳಿ-ಹಸಿರು ಎಲೆಯ ಗಿಡಗಳ ವಿಷಯ ಬೇರೆ. ಸಂಜೆಮಲ್ಲಿಗೆಯಲ್ಲಿ ಕಾರ್ಲ್ ಕೊರೆನ್ಸ್ 1909ರಲ್ಲಿ ತೋರಿಸಿದ್ದು ಇಂದಿಗೂ ನೇರ ಉಪಯೋಗಕ್ಕೆ ಬರುತ್ತದೆ: ಹಸಿರು ರೆಂಬೆಯ ಬೀಜದಿಂದ ಹಸಿರು ಸಸಿ, ಬಿಳಿ ರೆಂಬೆಯದರಿಂದ ಬಿಳಿ ಸಸಿ, ಪರಾಗ ಯಾವುದಾದರೂ ಸರಿ. ಹರಿತ್ತಿನ ಕಣ (ಕ್ಲೋರೊಪ್ಲಾಸ್ಟ್), ಅದರೊಳಗಿನ ಡಿಎನ್‌ಎ, ತಾಯಿಯಿಂದ ಬರುವುದೇ ಇದಕ್ಕೆ ಕಾರಣ. ಬೀಜ ಕೊಯ್ಯುವಾಗ ಯಾವ ರೆಂಬೆಯದು ಎಂದು ಚೀಟಿ ಕಟ್ಟದಿದ್ದರೆ ಈ ದೋಷ ಎಂದೂ ಬಗೆಹರಿಯದು. ಅದೇ ಸಂಜೆಮಲ್ಲಿಗೆಯ ಹೂವಿನ ಬಣ್ಣ ಮಾತ್ರ ಮಾಮೂಲಿ ನ್ಯೂಕ್ಲಿಯಸ್ ಜೀನಿನದ್ದು: ಕೆಂಪಿಗೆ ಬಿಳಿ ಕೂಡಿದರೆ ಗುಲಾಬಿ ಬಣ್ಣ ಬರುತ್ತದೆ. ಅದು ಬಣ್ಣ ಕ್ಷೀಣಿಸಿದ್ದಲ್ಲ.

ಹೂ ಪೂರ್ತಿ ಬಿಳಿಯಾದರೆ: ಕಿಣ್ವವೋ ನಿಯಂತ್ರಕವೋ

ಬೆಳಕು, ಶಾಖ, ಬೆರಕೆ ಎಲ್ಲ ಕಳೆದು ಉಳಿದ ಬಿಳಿ ಗಿಡವನ್ನು ಎಸೆಯಬೇಡಿ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿಯಿಲ್ಲ. ಆಂಥೋಸಯನಿನ್ ಗಿಡವಾದರೆ ಮೊದಲು ಅಮೋನಿಯಾ ಪರೀಕ್ಷೆ. ಅಗಲ ಬಾಯಿಯ ಸೀಸೆಯ ತಳದಲ್ಲಿ ಹತ್ತಿಗೆ ಅಮೋನಿಯಾ ದ್ರಾವಣ ಐದು ಹನಿ ಹಾಕಿ, ಹತ್ತಿಗೆ ತಾಗದಂತೆ ಆಗತಾನೇ ಅರಳಿದ ದಳವನ್ನು ದಾರದಲ್ಲಿ ಇಳಿಬಿಟ್ಟು ಮುಚ್ಚಿ, ಐದು ನಿಮಿಷ ಕಾಯಿರಿ. ಕಿಟಕಿ ತೆರೆದ ಜಾಗದಲ್ಲಿ ಮಾಡಬೇಕು. ದಳ ಹಳದಿಯಾದರೆ ಅದೇ ದಾರಿಯ ಮಸುಕು ಬಣ್ಣದ ವಸ್ತುಗಳಾದ ಫ್ಲೇವೊನಾಲ್‌ಗಳು ತಯಾರಾಗುತ್ತಿವೆ. ಚಾಲ್ಕೋನ್ ಸಿಂಥೇಸ್ ಮುಂತಾದ ಮೊದಲ ಕಿಣ್ವಗಳು ಸರಿಯಿವೆ, ದಾರಿ ನಿಂತಿರುವುದು ಡಿಎಫ್‌ಆರ್, ಎಎನ್‌ಎಸ್‌ನಂಥ ಕೊನೆಯ ಮೆಟ್ಟಿಲುಗಳಲ್ಲಿ. ಬಿಳಿಯಾಗಿಯೇ ಉಳಿದರೆ ದಾರಿ ಶುರುವಿನಲ್ಲೇ ನಿಂತಿದೆ. ಬಾಡಿದ ದಳದಲ್ಲಿ ಈ ಪರೀಕ್ಷೆ ನಂಬಲರ್ಹವಲ್ಲ.

ಕೊನೆಯ ಮೆಟ್ಟಿಲು ನಿಂತಿದೆ ಎಂದಾಕ್ಷಣ ಕಿಣ್ವ ಕೆಟ್ಟಿದೆ ಎನ್ನುವಂತಿಲ್ಲ. ಆ ಕಿಣ್ವಗಳನ್ನು ಎಬ್ಬಿಸುವುದು ಎಂವೈಬಿ, ಬಿಎಚ್‌ಎಲ್‌ಎಚ್, ಡಬ್ಲ್ಯುಡಿ40 ಎಂಬ ಮೂರು ಪ್ರೋಟೀನ್‌ಗಳ ಕೂಟ. ಅದು ಕೆಟ್ಟರೂ ಲಕ್ಷಣ ಇದೇ. ಬೇರ್ಪಡಿಸಲು ಗಿಡದ ಉಳಿದ ಭಾಗ ನೋಡಿ. ಹೂ ಬಿಳಿ, ಕಾಂಡ, ಎಲೆಕಂಕುಳು, ಬೀಜದ ಸಿಪ್ಪೆ ಬಣ್ಣದ್ದಾದರೆ ಅನುಮಾನ ಎಂವೈಬಿಯ ಮೇಲೆ, ಯಾಕೆಂದರೆ ಒಂದೊಂದು ಭಾಗಕ್ಕೆ ಒಂದೊಂದು ಎಂವೈಬಿ ಇರುತ್ತದೆ. ಗಿಡದುದ್ದಕ್ಕೂ ಬಣ್ಣ ಹೋಗಿ ಬೀಜದ ಸಿಪ್ಪೆಯೂ ಬಿಳುಚಿದರೆ ಎಲ್ಲ ಭಾಗಕ್ಕೂ ಬೇಕಾದದ್ದೇ ಕೆಟ್ಟಿದೆ: ಡಿಎಫ್‌ಆರ್‌ನಂಥ ಕಿಣ್ವ, ಇಲ್ಲವೇ ಬಿಎಚ್‌ಎಲ್‌ಎಚ್ ಅಥವಾ ಡಬ್ಲ್ಯುಡಿ40. ಬಿಳಿ ಹೂವಿನ ಬಟಾಣಿಗೆ ಬೀಜದ ಸಿಪ್ಪೆಯೂ ಬಿಳಿ, ಎಲೆಕಂಕುಳಲ್ಲಿ ಕೆಂಪು ಇಲ್ಲ ಎಂದು ಮೆಂಡಲ್ ಬರೆದಿಟ್ಟಿದ್ದ. ಅಲ್ಲಿ ಕೆಟ್ಟಿದ್ದ ಜೀನ್ ಬಿಎಚ್‌ಎಲ್‌ಎಚ್ ಎಂದು 2010ರಲ್ಲಿ ಖಚಿತವಾಯಿತು.

ಎರಡು ಬಿಳಿ ಗಿಡ ಕೂಡಿಸಿದಾಗ ಮಕ್ಕಳು ಬಣ್ಣದವಾದರೆ ಕೆಟ್ಟ ಜೀನ್‌ಗಳು ಬೇರೆ ಬೇರೆ. ಎಲ್ಲ ಬಿಳಿಯಾದರೆ ಒಂದೇ. ಬಣ್ಣದ ಮಕ್ಕಳನ್ನು ಸ್ವಪರಾಗಕ್ಕೆ ಬಿಟ್ಟರೆ ಬಣ್ಣಕ್ಕೂ ಬಿಳಿಗೂ 9:7 ಅನುಪಾತ ಸಿಗಬೇಕು. ಒಂದೇ ಜೀನಾದರೆ, ಬಣ್ಣದ ಗಿಡಕ್ಕೆ ಬಿಳಿ ಕೂಡಿಸಿದ ಎರಡನೆಯ ತಲೆಮಾರಿನಲ್ಲಿ 3:1. ಎಣಿಕೆ ಕಡಿಮೆಯಾದರೆ ಎರಡೂ ಒಂದೇ ಥರ ಕಾಣುತ್ತವೆ. ಉದಾಹರಣೆಗೆ 80 ಗಿಡದಲ್ಲಿ 55 ಬಣ್ಣ, 25 ಬಿಳಿ ಬಂದವೆನ್ನಿ. 3:1ಕ್ಕೆ ನಿರೀಕ್ಷೆ 60 ಮತ್ತು 20; ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರವಿದೆ ಎಂದು ಅಳೆಯುವ ಕೈ-ಸ್ಕ್ವೇರ್ 25/60 + 25/20 = 1.67. ಮಿತಿ 3.84, ಅದರೊಳಗಿದೆ. 9:7ಕ್ಕೆ ನಿರೀಕ್ಷೆ 45 ಮತ್ತು 35; 100/45 + 100/35 = 5.08, ಮಿತಿ ದಾಟಿತು. ಆದ್ದರಿಂದ ಒಂದೇ ಜೀನ್. ಇದೇ ಎಣಿಕೆ 20 ಗಿಡದಲ್ಲಿ 14 ಮತ್ತು 6 ಆಗಿದ್ದರೆ ಎರಡೂ ಮಿತಿಯೊಳಗೇ ಬರುತ್ತವೆ, ಏನೂ ತೀರ್ಮಾನವಾಗದು.

ಪ್ರಯೋಗಾಲಯದಲ್ಲಿ ತಪ್ಪುವುದು ಎಲ್ಲಿ

ಆಂಥೋಸಯನಿನ್ ಅಳೆಯಲು ಪಿಎಚ್ ವ್ಯತ್ಯಾಸದ ವಿಧಾನ ಒಳ್ಳೆಯದು. ಸೋಸಿದ ರಸವನ್ನು ಪಿಎಚ್ 1.0 ಮತ್ತು ಪಿಎಚ್ 4.5ರ ದ್ರಾವಣಗಳಲ್ಲಿ ಒಂದೇ ಪ್ರಮಾಣದಲ್ಲಿ ತೆಳುಮಾಡಿ, 520 ಮತ್ತು 700 ನ್ಯಾನೋಮೀಟರಿನಲ್ಲಿ ಓದಿ. ಪ್ರತಿ ಪಿಎಚ್‌ನಲ್ಲಿ 520ರ ಓದಿನಿಂದ 700ರದನ್ನು ಕಳೆದು, ಪಿಎಚ್ 1.0ರ ಉತ್ತರದಿಂದ 4.5ರದನ್ನು ಕಳೆಯಿರಿ. ಆ ವ್ಯತ್ಯಾಸವನ್ನು 449.2, ತೆಳುಮಾಡಿದ ಪಟ್ಟು, 1000 ಇವುಗಳಿಂದ ಗುಣಿಸಿ 26,900ರಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ವ್ಯತ್ಯಾಸ 0.42, ಹತ್ತು ಪಟ್ಟು ತೆಳು ಎಂದರೆ ಸುಮಾರು 70 ಮಿ.ಗ್ರಾಂ. ಈ ಅಂಕಿಗಳು ಸಯನಿಡಿನ್-3-ಗ್ಲುಕೋಸೈಡ್‌ನವು, ಮುರುಗಲಿಗೆ ಹೊಂದುತ್ತವೆ. ಇದೇ ವಿಧಾನವನ್ನು ಹರಿವೆಗೆ ಬಳಸಿದರೆ ಸೊನ್ನೆಯ ಹತ್ತಿರ ಬರುತ್ತದೆ, ಬೀಟಾಲೈನ್ ಈ ಎರಡು ಪಿಎಚ್‌ಗಳ ನಡುವೆ ಹೆಚ್ಚು ಬದಲಾಗದು. ಅದನ್ನು ನೀರಿನ ರಸದಲ್ಲಿ 538ರಲ್ಲಿ ಓದಬೇಕು.

ಡಿಎನ್‌ಎ ತುಂಡನ್ನು ಹಲವು ಪಟ್ಟು ಮಾಡಿ ನೋಡುವ ಪಿಸಿಆರ್‌ನಲ್ಲಿ ಜೀನ್ ಕಂಡಿತು, ಆದರೂ ಬಣ್ಣವಿಲ್ಲ ಎಂದು ಗಾಬರಿಯಾಗುವವರು ಬಹಳ. ಜೀನ್ ಇರುವುದು ಬೇರೆ, ಓದಿಸಿಕೊಳ್ಳುವುದು ಬೇರೆ. 1990ರಲ್ಲಿ ಪೆಟೂನಿಯಾಕ್ಕೆ ಚಾಲ್ಕೋನ್ ಸಿಂಥೇಸ್‌ನ ಹೆಚ್ಚುವರಿ ಪ್ರತಿ ಸೇರಿಸಿ ಗಾಢ ನೇರಳೆ ನಿರೀಕ್ಷಿಸಿದಾಗ ಬಿಳಿ ಹೂ ಬಂತು: ಹೊಸ ಪ್ರತಿಯೂ ಹಳೆಯದೂ ಎರಡೂ ಮೌನವಾದವು. ಬಿಳಿ ದ್ರಾಕ್ಷಿಯಲ್ಲಿ ಎಂವೈಬಿಯ ಮುಂಭಾಗದಲ್ಲಿ ಜಿಗಿಯುವ ತುಂಡು ಕೂತು ಓದು ನಿಂತಿದೆ. ಆದ್ದರಿಂದ ಆರ್‌ಎನ್‌ಎ ಅಳೆಯಲೇಬೇಕು. ಚಾಲ್ಕೋನ್ ಸಿಂಥೇಸ್, ಡಿಎಫ್‌ಆರ್, ಎಎನ್‌ಎಸ್ ಮೂರನ್ನೂ, ಎಲ್ಲ ಕೋಶಗಳಲ್ಲೂ ಹೆಚ್ಚು ಕಡಿಮೆ ಒಂದೇ ಸಮ ಓದಿಸಿಕೊಳ್ಳುವ ಆಕ್ಟಿನ್ ಜೀನಿನ ಜೊತೆ ಹೋಲಿಸಿ. ಕೊನೆಯ ಎರಡೂ ಒಟ್ಟಿಗೆ ಇಳಿದಿದ್ದರೆ ನಿಯಂತ್ರಕ. ಒಂದು ಮಾತ್ರ ಇಳಿದಿದ್ದರೆ ಆ ಜೀನೇ. ಮೂರೂ ಸರಿಯಿದ್ದರೆ ಆರ್‌ಎನ್‌ಎ ಇದೆ, ಅದರಿಂದಾದ ಪ್ರೋಟೀನ್ ಕೆಟ್ಟಿರಬಹುದು: ಆ ಜೀನ್‌ಗಳ ಅಕ್ಷರಕ್ರಮವನ್ನು ಪೂರ್ತಿ ಓದಿಸಬೇಕು.

ಮಾದರಿ ತೆಗೆಯುವ ಹೊತ್ತೂ ಮುಖ್ಯ. ಪೂರ್ತಿ ಅರಳಿದ ಹೂವಿನಲ್ಲಿ ಜೀನ್‌ಗಳ ಓದು ಆಗಲೇ ಮುಗಿದಿರುತ್ತದೆ. ಬಣ್ಣ ಆಗತಾನೇ ಇಣುಕುತ್ತಿರುವ ಮೊಗ್ಗನ್ನು, ಬಿಳಿ ಗಿಡದಿಂದ ಅದೇ ಗಾತ್ರದ ಮೊಗ್ಗನ್ನು, ಒಂದೇ ಹೊತ್ತಿಗೆ ತೆಗೆದು ದ್ರವ ಸಾರಜನಕಕ್ಕೆ ಹಾಕಿ. ಮುರುಗಲಿನಂಥ ಒಗರು ಎಲೆ-ಸಿಪ್ಪೆಯಿಂದ ಮಾಮೂಲಿ ಕಿಟ್‌ನಲ್ಲಿ ಆರ್‌ಎನ್‌ಎ ತೆಗೆದರೆ ಕಂದು ಅಂಟು ಬರುವುದೇ ಹೆಚ್ಚು. ಸಿಟಿಎಬಿ ದ್ರಾವಣಕ್ಕೆ 2 ಶೇಕಡಾ ಪಿವಿಪಿ ಮತ್ತು 2 ಶೇಕಡಾ ಬೀಟಾ-ಮರ್ಕ್ಯಾಪ್ಟೊಎಥನಾಲ್ ಸೇರಿಸಿ, ಕ್ಲೋರೋಫಾರ್ಮ್‌ನಿಂದ ಎರಡು ಸಲ ತೊಳೆಯಿರಿ. ಕಗ್ಗದ ಆರ್‌ಸಿ ನೋಡುವವರು 1 ಶೇಕಡಾ ಅಗರೋಸ್ ಜೆಲ್ ನೆಚ್ಚಿಕೊಳ್ಳಬೇಡಿ, 14 ಬೇಸ್ ಜೋಡಿಯ ವ್ಯತ್ಯಾಸ ಅದರಲ್ಲಿ ಒಂದೇ ಗೆರೆಯಾಗಿ ಕಾಣುತ್ತದೆ. ಪಿಸಿಆರ್ ತುಂಡನ್ನು 150 ಬೇಸ್ ಜೋಡಿಯ ಆಸುಪಾಸಿಗೆ ಚಿಕ್ಕದು ಮಾಡಿ, 3-4 ಶೇಕಡಾ ಜೆಲ್ ಅಥವಾ ಪಾಲಿಅಕ್ರಿಲಮೈಡ್‌ನಲ್ಲಿ ಓಡಿಸಿ. ಪಕ್ಕದಲ್ಲಿ ಗೊತ್ತಿರುವ ಕೆಂಪು, ಗೊತ್ತಿರುವ ಬಿಳಿ, ಎರಡನ್ನೂ ಬೆರೆಸಿದ ಮಾದರಿ ಮೂರನ್ನೂ ಇಡಿ. ಬೆರೆಸಿದ್ದರಲ್ಲಿ ಎರಡು ಗೆರೆ ಬೇರೆಯಾಗಿ ಕಾಣದಿದ್ದರೆ ಆ ಜೆಲ್‌ನ ಮೇಲೆ ಯಾವ ತೀರ್ಮಾನವನ್ನೂ ಬರೆಯಬೇಡಿ.